ಪಡೆದ ಸ್ಥಾನ

ಮಗಳನ್ನು ಆರನೆಯ ತರಗತಿಗೆ ಬೇರೊಂದು ಶಾಲೆಗೆ ಸೇರಿಸಬೇಕೆಂದು ಅರ್ಜಿ ತಂದ ಸಂಜೆ, ನಾವಿಬ್ಬರೂ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಹೆಸರು, ಜನ್ಮದಿನಾಂಕ, ಮಾತೃಭಾಷೆ ಇವನ್ನು ತುಂಬುವುದು ಕಷ್ಟವಾಗಲಿಲ್ಲ. ಮೂರನೆಯ ಪುಟದಲ್ಲಿ ಪಠ್ಯೇತರ ಚಟುವಟಿಕೆಗಳ ಕೋಷ್ಟಕವೊಂದಿತ್ತು. ಚಟುವಟಿಕೆ, ವರ್ಷ, ಮಟ್ಟ, ಪಡೆದ ಸ್ಥಾನ, ಪ್ರಮಾಣಪತ್ರ ಲಗತ್ತಿಸಿದೆಯೇ ಎಂದು ಐದು ಅಂಕಣಗಳು. ನಾವು ಕಪಾಟಿನಿಂದ ಕಡತವನ್ನು ತೆಗೆದು ಹಾಳೆಗಳನ್ನು ಒಂದೊಂದಾಗಿ ಎಣಿಸತೊಡಗಿದೆವು. ಗಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ ಪರೀಕ್ಷೆಯ ಪ್ರಮಾಣಪತ್ರ ಒಂದು, ಅಬ್ಯಾಕಸ್‌ನವು ಎರಡು, ಕಂಠಪಾಠ ಸ್ಪರ್ಧೆಯ ಸಮಾಧಾನಕರ ಬಹುಮಾನ ಒಂದು. ಮಗಳು ನಮ್ಮ ಹೆಗಲ ಮೇಲಿಂದ ಇಣುಕಿ ನೋಡಿ, "ಲೇಜಿಮ್ ಬರದೇ ಇಲ್ಲಲ್ಲ?" ಎಂದಳು. ಅದಕ್ಕೆ ಪ್ರಮಾಣಪತ್ರವಿಲ್ಲ, ಮಟ್ಟವೂ ಇಲ್ಲ, ಸ್ಥಾನವೂ ಇಲ್ಲವೆಂದು ಹೇಳಿದೆವು. "ಸ್ಥಾನ ಯಾಕಿಲ್ಲ? ಬಲಗಡಿ ತುದಿ" ಎಂದು ಅವಳು ಗಂಭೀರವಾಗಿಯೇ ಉತ್ತರಿಸಿದಳು.

ನಾವು ನಕ್ಕೆವು. ಆಮೇಲೆ ಸುಮ್ಮನಾದೆವು. ಆ ಸ್ಥಾನವನ್ನು ಅವಳಿಂದ ಕಸಿದುಕೊಂಡವರು ನಾವೇ ಆಗಿದ್ದೆವು.

ನಿಗಡಿಗೆ ನಾವು ಬಂದದ್ದು ಹೊಟ್ಟೆಪಾಡಿಗಾಗಿ. ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ 1954ರಲ್ಲಿ ಸ್ಥಾಪನೆಯಾದ ಮೇಲೆ, ಆಕುರ್ಡಿಯ ಬಜಾಜ್, ಟೆಲ್ಕೊ ಮೊದಲಾದ ಉದ್ಯಮಗಳು ಬೆಳೆದಂತೆಲ್ಲ, ವಿಜಾಪುರ, ಕಲಬುರ್ಗಿ, ಸೊಲ್ಲಾಪುರದ ಕಡೆಯಿಂದ ಜನ ಈ ಸೀಮೆಗೆ ಬರುತ್ತಲೇ ಇದ್ದರು. 1972ರಲ್ಲಿ ನವನಗರ ವಿಕಾಸ ಪ್ರಾಧಿಕರಣ ರಚನೆಯಾಗಿ, ಸೆಕ್ಟರುಗಳ ಲೆಕ್ಕದಲ್ಲಿ ಬಡಾವಣೆಗಳು ಎದ್ದವು. ಹೀಗೆ ಬಂದು ನೆಲೆಸಿದ ನಮ್ಮಂಥವರಿಗೆ ಇಲ್ಲಿ ಹೊಲವಿಲ್ಲ, ಹಿರಿಯರ ಮನೆಯಿಲ್ಲ, ನಾಲ್ಕು ಜನ ಗುರುತಿಸುವ ಮನೆತನದ ಹೆಸರೂ ಇಲ್ಲ. ಮಕ್ಕಳ ಕಡತವೇ ನಮ್ಮ ಆಸ್ತಿ. ಪ್ರಮಾಣಪತ್ರಗಳ ವಿಷಯದಲ್ಲಿ ನಮಗಿರುವ ಆಸೆಬುರುಕತನಕ್ಕೆ ಇದೂ ಒಂದು ಕಾರಣವೆಂದು ನಾವು ತಿಳಿದಿದ್ದೇವೆ.

ಆ ಆಸೆಯನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯವನ್ನು ತೆರೆದಾಗ, ಸಂಗೀತವು ಬಹುಮಟ್ಟಿಗೆ ಉಸ್ತಾದರ ಮನೆಗಳಲ್ಲಿ ಮತ್ತು ರಾಜರ ಆಸ್ಥಾನಗಳಲ್ಲಿ ಉಳಿದಿತ್ತು. ಪಠ್ಯಕ್ರಮ, ಪುಸ್ತಕ, ಪರೀಕ್ಷೆ ಎಂಬ ಮೂರು ಮೆಟ್ಟಿಲುಗಳನ್ನು ಕಟ್ಟಿ ಅದನ್ನು ಸಾಮಾನ್ಯರ ಮಕ್ಕಳಿಗೆ ಎಟುಕುವಂತೆ ಮಾಡಿದವರು ಅವರು ಮತ್ತು ಅವರ ಶಿಷ್ಯರು. ಇಂದು ಪ್ರಾರಂಭಿಕದಿಂದ ವಿಶಾರದದವರೆಗೆ ಸಾಗುವ ಆ ಪರೀಕ್ಷೆಗಳಿಗೆ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿಯೂ ಮಕ್ಕಳು ಕುಳಿತುಕೊಳ್ಳುತ್ತಾರೆ. ಮನೆಯಲ್ಲಿ ತಂಬೂರಿಯನ್ನೇ ಕಾಣದ ಹುಡುಗಿಗೆ ಆ ಪ್ರಮಾಣಪತ್ರವೊಂದು ಬಾಗಿಲು. ಇನ್ನು ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಚಿತ್ರಕಲೆಯ ದರ್ಜಾ ಪರೀಕ್ಷೆ, ಶಾಸ್ತ್ರೀಯ ಕಲೆ, ಜನಪದ ಕಲೆ ಮತ್ತು ಕ್ರೀಡೆಗಳ ಸಾಧನೆಗೆ ಹೆಚ್ಚುವರಿ ಅಂಕಗಳೂ ದೊರೆಯುತ್ತವೆ. ಕಲೆಯನ್ನೂ ಆಟವನ್ನೂ ಶಾಲೆ ಗೌರವಿಸಲೆಂಬ ಸದುದ್ದೇಶ ಅದರ ಹಿಂದಿದೆ. ಆದರೆ ಅಂಕ ಸಿಗುವುದು ಯಾವುದು, ಸಿಗದಿರುವುದು ಯಾವುದು ಎಂದು ಪಾಲಕರಾದ ನಾವು ಮೊದಲನೆಯ ತರಗತಿಯಿಂದಲೇ ಲೆಕ್ಕ ಹಾಕತೊಡಗಿದಾಗ, ಗೌರವಕ್ಕೆಂದು ಇಟ್ಟದ್ದು ಬೆಲೆಪಟ್ಟಿಯಾಗಿ ಮಾರ್ಪಡುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಮಗಳು ಮೂರನೆಯ ತರಗತಿಯಲ್ಲಿ ಶಾಲೆಯ ಲೇಜಿಮ್ ತಂಡಕ್ಕೆ ಸೇರಿದಳು. ಮರದ ದಂಡ, ಅದರ ಎರಡು ತುದಿಗಳನ್ನು ಜೋಡಿಸುವ ಕಬ್ಬಿಣದ ಸರಪಳಿ, ಸರಪಳಿಯಲ್ಲಿ ಪೋಣಿಸಿದ ಲೋಹದ ಬಿಲ್ಲೆಗಳು: ಇಷ್ಟೇ ಆ ಸಾಧನ. ಅದನ್ನು ಎಳೆದು ಬಿಟ್ಟಾಗ ಬಿಲ್ಲೆಗಳು ಝಲ್ಲೆನ್ನುತ್ತವೆ. ನಮಗೆ ಅದು ಹೊಸದೇನಲ್ಲ. ನಮ್ಮಿಬ್ಬರಲ್ಲಿ ಒಬ್ಬರು ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಕನ್ನಡ ಶಾಲೆಯಲ್ಲಿ, ಹಲಗಿಯ ಪೆಟ್ಟಿಗೆ ಹೆಜ್ಜೆಯಿಡುತ್ತ, ಆಗಸ್ಟ್ ಹದಿನೈದರ ಪ್ರಭಾತಫೇರಿಯಲ್ಲಿ ಲೇಜಿಮ್ ಆಡಿದವರು. ಗಡಿಯ ಎರಡೂ ಬದಿಯ ಶಾಲೆಗಳ ಅಂಗಳದಲ್ಲಿ ಒಂದೇ ಬಗೆಯಾಗಿ ಕೇಳಿಸುವ ಸದ್ದುಗಳಲ್ಲಿ ಇದೂ ಒಂದು. ಮರಾಠಿಯ ಶಾಲೆಗೆ ಹೋಗುವ ನಮ್ಮ ಮಗಳಿಗೆ ನಮ್ಮೂರಿನಿಂದ ಏನು ಬಂದಿದೆ ಎಂದು ಯಾರಾದರೂ ಕೇಳಿದ್ದರೆ, ಈ ಝಲ್ಲೆನ್ನುವ ಸದ್ದನ್ನು ತೋರಿಸಬಹುದಿತ್ತು. ಆಗ ಅದು ನಮಗೆ ಹೊಳೆಯಲಿಲ್ಲ.

ನಾಲ್ಕನೆಯ ತರಗತಿಯಲ್ಲಿ ಅವಳನ್ನು ಸಾಲಿನ ಬಲತುದಿಗೆ ನಿಲ್ಲಿಸಿದರು. ಅದರ ಅರ್ಥವೇನೆಂದು ಕ್ರೀಡಾ ಶಿಕ್ಷಕರು ಒಮ್ಮೆ ನಮಗೆ ವಿವರಿಸಿದ್ದರು. ಎಂಟು ಮಕ್ಕಳ ಸಾಲು ಎಡಕ್ಕೆ ತಿರುಗುವಾಗ, ಎಡತುದಿಯ ಮಗು ನಿಂತಲ್ಲಿಯೇ ಹೆಜ್ಜೆ ಹಾಕುತ್ತದೆ. ಬಲತುದಿಯ ಮಗು ಎಲ್ಲರಿಗಿಂತ ಉದ್ದನೆಯ ಹೆಜ್ಜೆಗಳನ್ನಿಟ್ಟು ಅರ್ಧಚಂದ್ರಾಕಾರವಾಗಿ ಸುತ್ತಿ ಬರಬೇಕು. ತಾಳ ತಪ್ಪಬಾರದು, ಓಡಿದಂತೆ ಕಾಣಬಾರದು, ಕಣ್ಣ ಅಂಚಿನಲ್ಲಿ ಉಳಿದ ಏಳು ಜನರನ್ನೂ ನೋಡುತ್ತಿರಬೇಕು. ಆ ಮಗು ತಡವಾದರೆ ಸಾಲು ಮುರಿಯುತ್ತದೆ. ಸರಿಯಾಗಿ ಬಂದರೆ, ಬಂದದ್ದು ಯಾರ ಗಮನಕ್ಕೂ ಬರುವುದಿಲ್ಲ. ಮಗಳು ಮನೆಯ ಪಡಸಾಲೆಯಲ್ಲಿ ಬರಿಗೈಯಲ್ಲಿಯೇ ಆ ಅರ್ಧಚಂದ್ರವನ್ನು ಸುತ್ತುತ್ತಿದ್ದಳು. ಕೆಳಮನೆಯವರಿಗೆ ಸದ್ದಾಗುತ್ತದೆ ಎಂದು ನಾವು ಗದರುತ್ತಿದ್ದೆವು.

ಐದನೆಯ ತರಗತಿ ಬಂತು. ರಾಜ್ಯದ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಮೊದಲು ನಾಲ್ಕು ಮತ್ತು ಏಳನೆಯ ತರಗತಿಗಳಿಗೆ ನಡೆಸುತ್ತಿದ್ದರು. 2016-17ರ ಶೈಕ್ಷಣಿಕ ವರ್ಷದಿಂದ ಅದು ಐದು ಮತ್ತು ಎಂಟನೆಯ ತರಗತಿಗಳಿಗೆ ಬಂದಿತ್ತು. ಭಾಷೆ, ಗಣಿತ, ಇಂಗ್ಲಿಷ್, ಬುದ್ಧಿಮತ್ತೆ ಎಲ್ಲ ಸೇರಿ ಎರಡು ಪತ್ರಿಕೆಗಳು, 300 ಅಂಕಗಳು. ಅದರ ತಯಾರಿಗೆ ಖಾಸಗಿ ವರ್ಗವೊಂದಕ್ಕೆ ಸೇರಿಸಿದೆವು. ವರ್ಗದ ಸಮಯವೂ ಲೇಜಿಮ್ ಅಭ್ಯಾಸದ ಸಮಯವೂ ಒಂದೇ ಆಗಿತ್ತು. ನಾವು ಹೆಚ್ಚು ಯೋಚಿಸಲಿಲ್ಲ. ಒಂದರಿಂದ ಕಡತಕ್ಕೆ ಹಾಳೆಯೊಂದು ಬರುತ್ತದೆ, ಇನ್ನೊಂದರಿಂದ ಬರುವುದಿಲ್ಲ ಎಂಬುದೇ ನಮ್ಮ ತರ್ಕ. ಮಗಳು ಅಳಲಿಲ್ಲ. "ಬ್ಯಾಡಂದ್ರ ಬ್ಯಾಡವ್ವಾ, ಆದ್ರ ನನ್ನ ಜಾಗಾದಾಗ ಯಾರು ನಿಂದ್ರತಾರ?" ಎಂದು ಮಾತ್ರ ಕೇಳಿದಳು. ಯಾರೋ ನಿಲ್ಲುತ್ತಾರೆ ಬಿಡು ಎಂದೆವು.

ನಿಗಡಿಯಲ್ಲಿ ಇರುವವರಿಗೆ ಜ್ಯೇಷ್ಠ-ಆಷಾಢದ ದಿನಗಳ ಪರಿಚಯ ಬೇಕಿಲ್ಲ. ದೇಹುವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿ, ಶಿವಾಜಿ-ತುಕಾರಾಮರ ಭೇಟಿಯ ಶಿಲ್ಪವಿರುವ ಭಕ್ತಿ-ಶಕ್ತಿ ಚೌಕವನ್ನು ದಾಟಿ ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ತಂಗುತ್ತದೆ. ಅದು ಹಾದುಹೋದ ಕೆಲವು ದಿನಗಳಲ್ಲಿ, ಏಕಾದಶಿಯ ಹೊತ್ತಿಗೆ, ಶಾಲೆಗಳ ಮಕ್ಕಳು ತಮ್ಮ ತಮ್ಮ ದಿಂಡಿ ತೆಗೆಯುತ್ತಾರೆ. ಚಿಕ್ಕವರಿಗೆ ವಿಠ್ಠಲ-ರಖುಮಾಯಿಯ ವೇಷ, ಹುಡುಗಿಯರ ತಲೆಯ ಮೇಲೆ ತುಳಸಿ, ಕೈಯಲ್ಲಿ ತಾಳ, ಮುಂದೆ ಲೇಜಿಮ್ ತಂಡ. ಜ್ಞಾನೇಶ್ವರರೇ ಕಾನಡಾ ಎಂದು ಕರೆದ ದೇವರು ಅವನು. ಹೀಗಾಗಿ ಆ ಮೆರವಣಿಗೆಯಲ್ಲಿ ನಮಗೆ ಪರಕೀಯತೆ ಎಂದೂ ತೋರಿದ್ದಿಲ್ಲ.

ಆ ವರ್ಷ ಮಗಳು ದಿಂಡಿಯಲ್ಲಿ ಇರಲಿಲ್ಲ. ನಮ್ಮ ಜೊತೆ ಪಾದಚಾರಿ ಮಾರ್ಗದ ಮೇಲೆ ನಿಂತಿದ್ದಳು. ಸಣ್ಣ ಮಳೆ ಬರುತ್ತಿತ್ತು. ಲೇಜಿಮ್ ತಂಡ ತಿರುವಿಗೆ ಬಂದಿತು. ಬಲತುದಿಯಲ್ಲಿ ಬೇರೊಬ್ಬ ಹುಡುಗಿ ಇದ್ದಳು. ಸಾಲು ತಿರುಗಲು ಆರಂಭಿಸಿದಾಗ ಆ ಹುಡುಗಿ ಅರ್ಧ ಹೆಜ್ಜೆ ಹಿಂದೆ ಬಿದ್ದಳು. ನಮ್ಮ ಮಗಳ ಎರಡೂ ಮುಷ್ಟಿಗಳು ಎದೆಯ ಮುಂದೆ ಬಂದು, ಇಲ್ಲದ ಸರಪಳಿಯನ್ನು ಎಳೆಯುತ್ತಿದ್ದವು. "ದೊಡ್ಡ ಹೆಜ್ಜೆ, ದೊಡ್ಡ ಹೆಜ್ಜೆ" ಎಂದು ಅವಳು ಮರಾಠಿಯಲ್ಲಿ ಪಿಸುಗುಟ್ಟುತ್ತಿದ್ದಳು. ಆ ಹುಡುಗಿ ಹೇಗೋ ಸಾಲನ್ನು ಸೇರಿಕೊಂಡಳು. ನಮ್ಮ ಮಗಳು ಉಸಿರು ಬಿಟ್ಟಳು. ಅವಳ ಮುಖದಲ್ಲಿ ಅಸೂಯೆ ಇರಲಿಲ್ಲ. ಅದಿದ್ದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಆಮೇಲೆ ಇದರ ಬಗ್ಗೆ ನಾವು ಬಹಳ ಮಾತಾಡಿಕೊಂಡಿದ್ದೇವೆ. ಅರವತ್ತು ಮಕ್ಕಳು ಆಡಿದ ಲೇಜಿಮ್ಮಿನ ಫಲ ಒಂದೇ ಸದ್ದು. ಒಬ್ಬರು ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ. ಎಲ್ಲರೂ ಸರಿಯಾಗಿ ಆಡಿದರೆ ಯಾರೊಬ್ಬರದೂ ಕೇಳಿಸುವುದಿಲ್ಲ. ಅದಕ್ಕೆ ಪ್ರಥಮ, ದ್ವಿತೀಯ ಎಂದು ಹಂಚುವುದಾದರೂ ಹೇಗೆ? ಅದರ ಲೆಕ್ಕ ಕೋಷ್ಟಕದಲ್ಲಿ ಕೂಡದಿರುವುದು ಲೇಜಿಮ್ಮಿನ ಕೊರತೆಯಲ್ಲ. ಮಗುವಿಗೆ ತನ್ನ ಪಕ್ಕದವರ ಹೆಜ್ಜೆಯ ಬಗೆಗಿರುವ ಎಚ್ಚರವನ್ನು ಅಳೆಯುವ ಅಂಕಣವನ್ನು ನಾವಿನ್ನೂ ಗೆರೆ ಹಾಕಿಲ್ಲ, ಅಷ್ಟೆ.

ಇದು ಹೊಸ ವಿಚಾರವೂ ಅಲ್ಲ. 1962ರಲ್ಲಿ ಅಪ್ಪಾ ಪೆಂಡಸೆಯವರು ಪುಣೆಯಲ್ಲಿ ಆರಂಭಿಸಿದ ಜ್ಞಾನಪ್ರಬೋಧಿನಿ, ಬುದ್ಧಿಯೆಂಬುದು ಅನೇಕ ಸಾಮರ್ಥ್ಯಗಳ ಕೂಟವೆಂಬ ಗಿಲ್‌ಫರ್ಡನ ಮನೋವಿಜ್ಞಾನವನ್ನು ಆಧರಿಸಿ ಮಕ್ಕಳನ್ನು ಅರಿಯಲು ಯತ್ನಿಸಿತು. ಅದರ ವಿದ್ಯಾಲಯ ನಮ್ಮ ನಿಗಡಿಯಲ್ಲಿಯೂ ಇದೆ. ಆ ಸಂಸ್ಥೆಯ ಮಕ್ಕಳು ಗಣೇಶನ ಮೆರವಣಿಗೆಯಲ್ಲಿ ಢೋಲು ಬಾರಿಸಿ ಬರ್ಚಿ ಆಡುವುದನ್ನು ಪುಣೆಯ ಜನ ಬಹುಕಾಲದಿಂದ ಕಂಡಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಠ್ಯ ಮತ್ತು ಪಠ್ಯೇತರ ಎಂಬ ಗಟ್ಟಿ ಗೋಡೆ ಇರಬಾರದೆಂದು ಹೇಳಿತು. ನೀತಿ ಗೋಡೆಯನ್ನು ಕೆಡವಬಹುದು. ಆದರೆ ಪಾಲಕರ ಮನಸ್ಸಿನಲ್ಲಿ ಪಠ್ಯೇತರದೊಳಗೇ ಇನ್ನೊಂದು ಗೋಡೆಯಿದೆ: ಹಾಳೆ ಕೊಡುವುದು ಈಚೆಗೆ, ಕೊಡದಿರುವುದು ಆಚೆಗೆ. ಅದನ್ನು ಕೆಡವಬೇಕಾದವರು ನಾವೇ.

ಆ ಸಂಜೆಯ ಅರ್ಜಿಗೆ ಮರಳೋಣ. ಬಹಳ ಹೊತ್ತಿನ ಮೇಲೆ ನಾವು ಕೋಷ್ಟಕದ ಮೊದಲ ಸಾಲಿನಲ್ಲಿ ಲೇಜಿಮ್ ಎಂದು ಬರೆದೆವು. ವರ್ಷಗಳು ಎರಡು. ಮಟ್ಟದ ಅಂಕಣವನ್ನು ಖಾಲಿ ಬಿಟ್ಟೆವು. ಪಡೆದ ಸ್ಥಾನ ಎಂಬಲ್ಲಿ, ಅವಳು ಹೇಳಿದಂತೆಯೇ, ಸಾಲಿನ ಬಲತುದಿ ಎಂದು ಬರೆದೆವು. ಪ್ರಮಾಣಪತ್ರ ಲಗತ್ತಿಸಿಲ್ಲ. ಉಳಿದವು ಅದರ ಕೆಳಗೆ ಬಂದವು.

ವಿದ್ಯಾರ್ಥಿವೇತನ ಪರೀಕ್ಷೆಯ ಫಲಿತಾಂಶ ಆಮೇಲೆ ಬಂತು. ಮಗಳು ಅರ್ಹಳಾಗಿದ್ದಳು. ವೇತನ ಪಡೆಯುವವರ ಯಾದಿಯಲ್ಲಿ ಅವಳ ಹೆಸರು ಇರಲಿಲ್ಲ. ನಾವು ನಿರೀಕ್ಷಿಸಿದಷ್ಟು ಬೇಸರ ನಮಗೆ ಆಗಲಿಲ್ಲ. ಅವಳಿಗಂತೂ ಆಗಲೇ ಇಲ್ಲ. ಗಣಿತ ಮೊದಲಿಗಿಂತ ಸುಲಭವಾಗಿದೆ ಎಂದಳು. ಅದೂ ಒಂದು ಲಾಭವೇ.

ಹೊಸ ಶಾಲೆಯಲ್ಲಿಯೂ ಲೇಜಿಮ್ ತಂಡವಿತ್ತು. ಮೊದಲ ವಾರವೇ ಹೆಸರು ಕೊಟ್ಟು ಬಂದಳು. ತುದಿಯ ಜಾಗಗಳಲ್ಲಿ ದೊಡ್ಡ ತರಗತಿಯವರಿದ್ದುದರಿಂದ, ಅವಳಿಗೆ ಸಿಕ್ಕಿದ್ದು ಹಿಂದಿನ ಸಾಲಿನ ನಡುವಣ ಜಾಗ. ಚಿಂಚವಡದ ರಾಮಕೃಷ್ಣ ಮೋರೆ ರಂಗಮಂದಿರದಲ್ಲಿ ನಡೆದ ಗ್ಯಾದರಿಂಗಿಗೆ ನಾವಿಬ್ಬರೂ ಹೋದೆವು. ವಾರ್ಷಿಕ ವರದಿಯ ವಾಚನವಾಯಿತು, ಸಾಧಕರ ಹೆಸರುಗಳು ಬಂದವು, ನಾವೂ ಮನಸ್ಸಿಟ್ಟು ಚಪ್ಪಾಳೆ ತಟ್ಟಿದೆವು. ಕೊನೆಗೆ ಹಲಗಿ ಮೊಳಗಿ, ಒಂದೇ ಬಣ್ಣದ ಫೇಟಾ ಸುತ್ತಿದ ಮಕ್ಕಳು ರಂಗದ ಮೇಲೆ ಬಂದರು. ಸರಪಳಿಗಳು ಒಟ್ಟಿಗೆ ಝಲ್ಲೆಂದವು. ನಾವು ಸಾಲಿನಿಂದ ಸಾಲಿಗೆ ಕಣ್ಣಾಡಿಸಿ ನಮ್ಮ ಮಗಳನ್ನು ಹುಡುಕಿದೆವು. ಎಷ್ಟು ಹುಡುಕಿದರೂ, ಅವರಲ್ಲಿ ಅವಳು ಯಾರೆಂದು ಆಟ ಮುಗಿಯುವವರೆಗೂ ನಮಗೆ ತಿಳಿಯಲಿಲ್ಲ.