ಶಾಲೆ ಕಡಲಿಗೆ ಹೋದದ್ದು

ವಾರ್ಷಿಕ ಸಂಚಿಕೆಗೆ ಲೇಖನ ಕೇಳಲು ಬಂದ ಮಕ್ಕಳು ಈ ಸಲ ಒಂದು ಷರತ್ತು ಹಾಕಿದರು. "ಸರ್, ಗಣಿತದ ಮಹತ್ವ ಅಂತ ಬರೆಯಬೇಡಿ. ಕಳೆದ ವರ್ಷವೂ ಅದೇ ಇತ್ತು" ಎಂದರು. ಮಾತು ನಿಜ. ಕಳೆದ ವರ್ಷ ಮಾತ್ರವಲ್ಲ, ಅದರ ಹಿಂದಿನ ವರ್ಷವೂ ಅದೇ ಇತ್ತು. ಆದ್ದರಿಂದ ಈ ಬಾರಿ ನನ್ನದೇ ಒಂದು ತಪ್ಪಿನ ಕಥೆಯನ್ನು ಬರೆಯುತ್ತಿದ್ದೇನೆ. ಇದರಲ್ಲಿ ಪಾತ್ರ ವಹಿಸಿದವರು ಈ ಪುಟಗಳನ್ನು ಓದುವವರೇ ಆಗಿರುವುದರಿಂದ ಉಪ್ಪುಖಾರ ಹಚ್ಚುವ ಧೈರ್ಯ ನನಗಿಲ್ಲ.

ಜಿಯೋಕ್ಯಾಶಿಂಗ್ ಎಂಬ ಆಟದ ಹೆಸರನ್ನು ಹೆತ್ತವರಲ್ಲಿ ಅನೇಕರು ಕೇಳಿರಲಾರರು. ಹಾಗಾಗಿ ಎರಡು ಮಾತು. ಆಕಾಶದ ಉಪಗ್ರಹಗಳಿಂದ ನಾವು ನಿಂತ ಸ್ಥಳವನ್ನು ತಿಳಿಸುವ ಜಿ.ಪಿ.ಎಸ್. ವ್ಯವಸ್ಥೆ ಅಮೆರಿಕದ ಸೈನ್ಯದ್ದು. ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಅವರು ಬೇಕೆಂದೇ ತಪ್ಪು ಬೆರೆಸಿ ಬಿಡುತ್ತಿದ್ದರು. 2000ದ ಮೇ ತಿಂಗಳ ಆರಂಭದಲ್ಲಿ ಆ ಬೆರಕೆಯನ್ನು ನಿಲ್ಲಿಸಿದರು. ನಿಲ್ಲಿಸಿದ ಒಂದೆರಡು ದಿನಗಳಲ್ಲೇ, ಮೇ 3ರಂದು, ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಕಾಡಿನಂಚಿನಲ್ಲಿ ಹುಗಿದು, ಅದರೊಳಗೆ ಪುಸ್ತಕ, ಹುರುಳಿಕಾಯಿ ಬೀಜದ ಒಂದು ಡಬ್ಬಿ, ಇನ್ನೂ ಏನೇನೋ ಇಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿಬಿಟ್ಟರು. ಹುಡುಕಿದವರು ತಮ್ಮ ಹೆಸರು ಬರೆಯಬೇಕು. ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು. ಅಂದು ಒಂದು ಬಕೆಟ್; ಇಂದು ಲೋಕದಲ್ಲಿ ಇಂಥ ಪೆಟ್ಟಿಗೆಗಳು ಲಕ್ಷಗಟ್ಟಲೆ ಇವೆ. ಅವುಗಳ ಪಟ್ಟಿಯನ್ನು ಇಟ್ಟುಕೊಂಡು, ನಿಮ್ಮ ಮನೆಯಿಂದ ಯಾವುದು ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಲೆಕ್ಕ ಹಾಕಿ ತೋರಿಸುವ ತಂತ್ರಾಂಶಗಳೂ ಇವೆ. ಆ ಲೆಕ್ಕಕ್ಕೆ ಮೊದಲು ನಾವು ಹೇಳಿಕೊಡಬೇಕಾದದ್ದು ಒಂದೇ ಒಂದು ವಿಷಯ: ನಮ್ಮ ಮನೆ ಎಲ್ಲಿದೆ?

ನಮ್ಮ ವಿಜ್ಞಾನ ಸಂಘದ ಮಕ್ಕಳು ಈ ಆಟವನ್ನು ಕಾಸರಗೋಡಿನ ಸುತ್ತ ಆಡಬೇಕೆಂದು ಹೊರಟರು. ಲೋಕದ ಪಟ್ಟಿ ನಮಗೆ ಬೇಡ, ನಮ್ಮದೇ ಪಟ್ಟಿ ಮಾಡೋಣ ಎಂದು ತೀರ್ಮಾನವಾಯಿತು. ಶಾಲೆಯೇ ಮನೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಗಿಳಿವಿಂಡು, ಕುಂಬಳೆ ಕಡೆಯ ಅನಂತಪುರದ ಕೆರೆ, ಬೇಕಲದ ಕೋಟೆ, ಹತ್ತಿರದಲ್ಲಿ ಇನ್ನು ನಾಲ್ಕು ಕಡೆ. ಕೋಟೆಯಲ್ಲಾಗಲಿ ದೇವಸ್ಥಾನದ ವಠಾರದಲ್ಲಾಗಲಿ ಪೆಟ್ಟಿಗೆ ಅಡಗಿಸುವುದು ಸರಿಯಲ್ಲ; ಅಲ್ಲಿ ಪೆಟ್ಟಿಗೆಯ ಬದಲು ಪ್ರಶ್ನೆ. ಅನಂತಪುರದ ಪ್ರಶ್ನೆ 2022ರಲ್ಲಿ ತೀರಿಕೊಂಡ ಬಬಿಯಾ ಮೊಸಳೆಯ ಬಗ್ಗೆ ಎಂದು ಹೇಳಿದರೆ ಸಾಕು. ಉತ್ತರ ಹೇಳಲಾರೆ, ಮುಂದಿನ ವರ್ಷಕ್ಕೂ ಅದೇ ಪ್ರಶ್ನೆ ಬೇಕಾಗಬಹುದು.

ಸ್ಥಳಗಳಿಗೆ ಹೋಗಿ ಅಂಕಗಳನ್ನು ಗುರುತು ಹಾಕಿಕೊಂಡು ಬರುವ ಕೆಲಸವನ್ನು ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಒಪ್ಪಿಸಿದೆ. ಅವಳ ಹೆಸರನ್ನು ಅವಳ ಒಪ್ಪಿಗೆ ಇಲ್ಲದೆ ಬರೆಯುವುದಿಲ್ಲ. ಅಕ್ಷರ ಸ್ಫುಟ, ಮಾತು ಕಡಿಮೆ. ಶಾಲೆಯ ಅಂಕವನ್ನು ಮಾತ್ರ ನಾನೇ ತುಂಬಿಸಿದೆ. ಅದೇನು ಕಷ್ಟ? ಕಾಸರಗೋಡು ಹನ್ನೆರಡು ಡಿಗ್ರಿ ಮೂವತ್ತು ಮಿನಿಟು ಉತ್ತರ, ಎಪ್ಪತ್ತೈದು ಡಿಗ್ರಿ ಪೂರ್ವ ಎಂಬುದು ನಾನು ಮೀಸೆ ಬರುವ ಮೊದಲೇ ಕಂಠಪಾಠ ಮಾಡಿದ್ದು. ಸರಿಯಾಗಿ ಶಾಲೆಯ ಹೊಸ್ತಿಲನ್ನು ಹಿಡಿಯಲು ಇನ್ನೂ ಸೂಕ್ಷ್ಮ ಅಂಕ ಬೇಕು, ಆದರೆ ಆರಂಭಕ್ಕೆ ಇಷ್ಟು ಸಾಲದೇ? ಕಂಪ್ಯೂಟರಿನಲ್ಲಿ ಮನೆ ಎಂಬ ಚೌಕದೊಳಗೆ 12.30 ಎಂದೂ 75.00 ಎಂದೂ ಒತ್ತಿದೆ.

ಪರೀಕ್ಷೆ ಮಾಡದೆ ಯಾವುದನ್ನೂ ನಂಬಬಾರದು ಎಂದು ತರಗತಿಯಲ್ಲಿ ಹೇಳುವವನು ನಾನು. ಆದ್ದರಿಂದ ಪರೀಕ್ಷೆಯನ್ನೂ ಮಾಡಿದೆ. ಅವಳು ತಂದಿದ್ದ ಬೇಕಲ ಕೋಟೆಯ ಅಂಕ ಹಾಕಿದಾಗ 10.9 ಕಿ.ಮೀ. ಎಂದು ಬಂತು. ರಸ್ತೆಯಲ್ಲಿ ಹೋದರೆ ಅದಕ್ಕಿಂತ ಹೆಚ್ಚು. ಹಕ್ಕಿ ಹಾರುವ ದಾರಿ ಕಡಿಮೆಯಾಗಲೇಬೇಕು. ತೃಪ್ತಿಯಿಂದ ತಲೆಯಾಡಿಸಿ, "ಸರಿ ಇದೆ, ಉಳಿದದ್ದು ನೀನು ತುಂಬಿಸು" ಎಂದೆ.

ಮರುದಿನ ಪಟ್ಟಿ ನೋಡುತ್ತೇನೆ: ಅನಂತಪುರ 30 ಕಿ.ಮೀ., ಮಂಜೇಶ್ವರ 47 ಕಿ.ಮೀ.! ಅನಂತಪುರಕ್ಕೆ ಮಕ್ಕಳು ಸೈಕಲ್ಲಿನಲ್ಲಿ ಹೋಗಿ ಮಧ್ಯಾಹ್ನದೊಳಗೆ ಬರುತ್ತಾರೆ. ಶಾಲೆಯ ಹಿಂದಿನ ಗುಡ್ಡದ ಪೆಟ್ಟಿಗೆ, ಕೂಗಿದರೆ ಕೇಳುವಷ್ಟು ಹತ್ತಿರದ್ದು, 22 ಕಿ.ಮೀ. ದೂರ ಹೋಗಿತ್ತು. ನನ್ನ ಬಿಂದು ಪರೀಕ್ಷೆಯಲ್ಲಿ ಪಾಸಾಗಿದೆ. ಹಾಗಾದರೆ ತಪ್ಪು ಅವಳು ತಂದ ಅಂಕಗಳಲ್ಲೇ. ಪುನಃ ತುಂಬಿಸು ಎಂದೆ. ಪುನಃ ಅದೇ. ಮೂರನೆಯ ಸಲವೂ ಅದೇ. "ಸರ್, ಶಾಲೆಯ ಅಂಕವನ್ನು ಒಮ್ಮೆ ನೋಡಬಹುದಾ?" ಎಂದು ಅವಳು ಮೆಲ್ಲನೆ ಕೇಳಿದಳು. "ಶಾಲೆ ಎಲ್ಲಿದೆಯೆಂದು ನನಗೆ ನೀನು ಹೇಳಿಕೊಡಬೇಕಾ?" ಎಂದೆ. ಎಲ್ಲರೆದುರು ಎಂದೆ. ಸ್ಥಳಕ್ಕೆ ಹೋಗದೆ ಮನೆಯಲ್ಲೇ ಕೂತು ಅಂಕ ಬರೆದಿರಬೇಕು ಎಂಬ ಅರ್ಥ ಬರುವಂಥ ಇನ್ನೊಂದು ಮಾತೂ ನನ್ನ ಬಾಯಿಂದ ಬಂತು. ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟೆ. ಅವಳು ಏನೂ ಹೇಳಲಿಲ್ಲ. ಮುಂದಿನ ಶುಕ್ರವಾರ ಸಂಘಕ್ಕೆ ಬರಲಿಲ್ಲ, ಅದರ ಮುಂದಿನ ಶುಕ್ರವಾರವೂ ಬರಲಿಲ್ಲ.

ಹೊಸ ಹುಡುಗ ಉತ್ಸಾಹಿ. ಅವನು ತನ್ನ ಮೊಬೈಲಿನಲ್ಲಿ ಪೂರ್ವದ ಬದಲು ಪಶ್ಚಿಮ ಒತ್ತಿದ್ದರಿಂದ ಅವನ ಲೆಕ್ಕದಲ್ಲಿ ಶಾಲೆ ವೆಸ್ಟ್ ಇಂಡೀಸ್ ಕಡೆಯ ಕೆರಿಬಿಯನ್ ಕಡಲಿಗೆ ಹೋಗಿ, ಬೇಕಲ 15,600 ಕಿ.ಮೀ.ಗಿಂತಲೂ ದೂರವಾಯಿತು. ಎಲ್ಲರೂ ನಕ್ಕರು, ಎರಡು ನಿಮಿಷದಲ್ಲಿ ಸರಿಯಾಯಿತು. ಅಷ್ಟು ದೊಡ್ಡ ತಪ್ಪನ್ನು ಯಾರೂ ನಂಬುವುದಿಲ್ಲವಾದ್ದರಿಂದ ಅದರಿಂದ ಯಾರಿಗೂ ತೊಂದರೆಯಿಲ್ಲ. ನನ್ನ ತಪ್ಪು ಅಂಥದ್ದಾಗಿರಲಿಲ್ಲ.

ಹೆತ್ತವರ ಸಭೆಯ ದಿನ ಆ ಹುಡುಗಿಯ ತಂದೆ ಬಂದರು. ಅವರು ಮೀನುಗಾರರು. ಜಗಳಕ್ಕೆ ಬಂದಿರಬಹುದೆಂದು ನಾನು ಒಳಗೊಳಗೇ ಸಿದ್ಧನಾದೆ. ಅವರು ಜೇಬಿನಿಂದ ಮಗಳ ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಮಾಸ್ಟ್ರೇ, ಇದರಲ್ಲಿ ಮನೆ ಅಂತ ಬರೆದದ್ದು ಯಾರ ಮನೆ?" ಎಂದು ಕೇಳಿದರು. ನೋಡಿದರೆ, ತಂತ್ರಾಂಶವು ತೆರೆಯ ಮೇಲೆ ತೋರಿಸಿದ್ದನ್ನು ಅವಳು ಹಾಗೆಯೇ ನಕಲು ಮಾಡಿದ್ದಳು: ಉತ್ತರ 12 ಡಿಗ್ರಿ 18.000 ಮಿನಿಟು, ಪೂರ್ವ 75 ಡಿಗ್ರಿ 00.000 ಮಿನಿಟು.

"ಶಾಲೆ" ಎಂದೆ.

"ಅದು ಶಾಲೆಯಲ್ಲ, ನೀರು. ಹೊಸದುರ್ಗದ ಹೊರಗೆ. ನಾವು ಬಲೆ ಬಿಡುವ ಜಾಗ. ನಮ್ಮ ಅಳಿವೆಯಿಂದ ಹೊರಟು ಮಿನಿಟು ಹದಿನೆಂಟಕ್ಕೆ ಇಳಿಯಬೇಕಾದರೆ ದಕ್ಷಿಣಕ್ಕೆ ಹತ್ತು ಮೈಲು ಓಡಿಸಬೇಕು."

ಅವರ ದೋಣಿಯಲ್ಲಿಯೂ ಜಿ.ಪಿ.ಎಸ್. ಇದೆ. ಬಲೆ ಎಲ್ಲಿ ಬಿಟ್ಟೆವು, ಬಂಡೆ ಎಲ್ಲಿ ಬಲೆ ಹರಿಯಿತು ಎಂಬುದೆಲ್ಲ ಅವರಿಗೆ ಡಿಗ್ರಿ ಮಿನಿಟುಗಳಲ್ಲಿ ಬಾಯಿಪಾಠ. ಜಿಯೋಕ್ಯಾಶಿಂಗಿನವರೂ ಅದೇ ಕ್ರಮದಲ್ಲಿ, ಡಿಗ್ರಿ, ಆಮೇಲೆ ಮಿನಿಟು, ಮಿನಿಟಿಗೆ ಮೂರು ದಶಮಾಂಶ ಎಂದು ಬರೆಯುತ್ತಾರೆ. ನಾನು ಮಾತ್ರ ದಶಮಾಂಶ ಡಿಗ್ರಿಯ ಚೌಕದಲ್ಲಿ 12.30 ಎಂದು ಒತ್ತಿದ್ದೆ. ಒಂದು ಡಿಗ್ರಿಗೆ ಅರುವತ್ತು ಮಿನಿಟು. ಮೂವತ್ತು ಮಿನಿಟು ಎಂದರೆ ಅರ್ಧ ಡಿಗ್ರಿ, ಬರೆಯಬೇಕಾದದ್ದು 12.50. ಪಾಯಿಂಟ್ ಮೂವತ್ತು ಡಿಗ್ರಿ ಎಂದರೆ ಹದಿನೆಂಟೇ ಮಿನಿಟು. ಏಳನೇ ತರಗತಿಯ ಲೆಕ್ಕ. ದಿನವೂ ವೇಳಾಪಟ್ಟಿಯಲ್ಲಿ ಊಟದ ಗಂಟೆಯನ್ನು 12.30 ಎಂದು ಬರೆದು ಹನ್ನೆರಡೂವರೆ ಎಂದು ಓದುವ ಕೈ ಅಭ್ಯಾಸಬಲದಿಂದ ಹಾಗೆ ಒತ್ತಿತೆಂದು ನನ್ನ ಸಮಾಧಾನ. ಆ ತಂದೆಯವರಿಗೆ ಕಾಗದ ಪೆನ್ಸಿಲು ಬೇಕಾಗಲಿಲ್ಲ. "ಮೂವತ್ತರಿಂದ ಹದಿನೆಂಟಕ್ಕೆ ಹನ್ನೆರಡು ಮಿನಿಟು, ಅಂದರೆ ಹನ್ನೆರಡು ಮೈಲು" ಎಂದರು. ಉತ್ತರ ದಕ್ಷಿಣವಾಗಿ ಅಕ್ಷಾಂಶದ ಒಂದು ಮಿನಿಟೆಂದರೆ ಒಂದು ಕಡಲ ಮೈಲು, 1.852 ಕಿ.ಮೀ. ಹನ್ನೆರಡರಿಂದ ಗುಣಿಸಿದೆ. 22.2. ಗುಡ್ಡದ ಪೆಟ್ಟಿಗೆ ಹೋಗಿದ್ದ ದೂರ!

ಊರು ಒಂದಿಂಚೂ ಅಲುಗಾಡದೆ ನಾವು ಬೇರೆ ಕಡೆಯವರಾಗುವುದು ಕಾಸರಗೋಡಿಗೆ ಹೊಸತಲ್ಲ. 1956ರ ನವೆಂಬರ್ ಒಂದರಂದು ರಾಜ್ಯವೇ ಬದಲಾಯಿತು, ನಾವು ಎದ್ದಲ್ಲೇ ಇದ್ದೆವು ಎಂದು ನನ್ನ ಅಜ್ಜ ಹೇಳುತ್ತಿದ್ದರು. ಆದರೆ ಶಾಲೆಯನ್ನೇ ಕಡಲಿಗೆ ಹಾಕಿದವನು ನಾನೊಬ್ಬನೇ ಇರಬೇಕು.

ಅವರು ಹೋದ ಮೇಲೆ ನನ್ನನ್ನು ಕಾಡಿದ್ದು ಬೇಕಲ. ಮನೆಯೇ ತಪ್ಪಾಗಿದ್ದರೆ ಬೇಕಲದ ದೂರ ಹೇಗೆ ಸರಿ ಬಂತು? ರಾತ್ರಿ ಕಾಗದದ ಮೇಲೆ ಬರೆದು ನೋಡಿದೆ. ನಿಜವಾದ ಶಾಲೆ ಮೇಲೆ, 12.50ರಲ್ಲಿ, ಕಡಲಿನ ಶಾಲೆ ನೇರ ಕೆಳಗೆ, 12.30ರಲ್ಲಿ. ಬೇಕಲ ಕೋಟೆ ಸುಮಾರು 12.39ರಲ್ಲಿ, ಹೆಚ್ಚುಕಡಿಮೆ ನಡುಮಧ್ಯ. ಎರಡು ಬಿಂದುಗಳಿಂದ ಸಮದೂರದಲ್ಲಿರುವ ಬಿಂದುಗಳೆಲ್ಲ ಅವುಗಳನ್ನು ಸೇರಿಸುವ ರೇಖೆಯ ಲಂಬ ಸಮದ್ವಿಭಾಜಕದ ಮೇಲೆ ಇರುತ್ತವೆ. ಈ ವಾಕ್ಯವನ್ನು ನಾನು ಎಷ್ಟು ವರ್ಷ ಹೇಳಿಕೊಟ್ಟಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ನಿಜವಾದ ಶಾಲೆಯಿಂದ ಕೋಟೆ 12.4 ಕಿ.ಮೀ., ಕಡಲಿನ ಶಾಲೆಯಿಂದ 10.9. ಇಷ್ಟು ದೊಡ್ಡ ಜಿಲ್ಲೆಯಲ್ಲಿ, ನನ್ನ ತಪ್ಪು ಕಾಣಿಸದೆ ಇರುವಂಥ ಒಂದು ಗೆರೆಯಿದ್ದರೆ, ಅದರ ಪಕ್ಕದಲ್ಲೇ ಇರುವ ಸ್ಥಳವನ್ನು ಹುಡುಕಿ ಪರೀಕ್ಷೆ ಮಾಡಿದ್ದೆ. ಶಿವಪ್ಪ ನಾಯಕನ ಕೋಟೆ ಮೂರೂವರೆ ಶತಮಾನಗಳಾದ ಮೇಲೆ ಒಬ್ಬ ಗಣಿತದ ಮೇಷ್ಟ್ರಿಗೆ ಹೀಗೆ ಆಶ್ರಯ ಕೊಟ್ಟಿತು.

ದೂರ ಮೋಸ ಮಾಡಿತು, ದಿಕ್ಕು ಮಾಡಿರಲಿಲ್ಲ. ಪಟ್ಟಿಯಲ್ಲಿ ದೂರದ ಪಕ್ಕದಲ್ಲೇ ದಿಕ್ಕಿನ ಕಲಮು ಇದೆ. ನಾನು ಅದರತ್ತ ಕಣ್ಣು ಹಾಯಿಸಿರಲಿಲ್ಲ. ಬೇಕಲ ನಮಗೆ ದಕ್ಷಿಣಕ್ಕೆಂದು ಒಂದನೇ ತರಗತಿಯ ಮಗುವೂ ಬಲ್ಲದು. ಕಡಲಿನ ಶಾಲೆಗೆ ಅದು ಉತ್ತರ. ನೋಟುಪುಸ್ತಕವನ್ನು ಇನ್ನೊಮ್ಮೆ ತೆರೆದೆ. ಮೊದಲ ದಿನದ ಪುಟದಲ್ಲೇ, ನಾನು "ಸರಿ ಇದೆ" ಎಂದು ತಲೆಯಾಡಿಸಿದ ದಿನದ ಪುಟದಲ್ಲೇ, ಸ್ಫುಟವಾದ ಅಕ್ಷರದಲ್ಲಿ "ಬೇಕಲ 10.9, ಉತ್ತರ" ಎಂದಿತ್ತು. ಉತ್ತರ ಎಂಬುದರ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ. ಅವಳಿಗೆ ಅಂದೇ ಗೊತ್ತಾಗಿತ್ತು. ಹೇಳಲು ಬಂದವಳನ್ನು ನಾನು ಹೇಗೆ ಕಳಿಸಿದೆನೆಂದು ಮೇಲೆ ಬರೆದಾಗಿದೆ.

ಸೋಮವಾರ ಪ್ರಾರ್ಥನೆಯ ನಂತರ, ಎಲ್ಲರೆದುರು ಹೇಳಿದ ಮಾತನ್ನು ಎಲ್ಲರೆದುರು ಹಿಂದೆಗೆದುಕೊಂಡೆ. ಅದು ಸುಲಭವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಆಮೇಲೆ ಅವಳನ್ನು ಕರೆದು ಪಟ್ಟಿಯನ್ನು ಮರಳಿ ಒಪ್ಪಿಸಿದೆ. ಅವಳು ಆಗಲೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಶುಕ್ರವಾರ ಬಂದಳು.

ಮನೆಯ ಅಂಕ ತಿದ್ದಿದರೂ ದೂರಗಳು ತಕ್ಷಣ ಬದಲಾಗಲಿಲ್ಲ. ಪಟ್ಟಿಯು ಮನೆಯಿಂದಲ್ಲ, ಅದರೊಳಗೆ ಬೇರೆಯಾಗಿ ಉಳಿದಿದ್ದ ಕೇಂದ್ರಬಿಂದುವಿನಿಂದ ಅಳೆಯುತ್ತಿತ್ತು. ಆ ಕೇಂದ್ರ ಇನ್ನೂ ಕಡಲಿನಲ್ಲೇ ಇತ್ತು. ಅದನ್ನೂ ಎಳೆದು ದಡಕ್ಕೆ ತಂದದ್ದು ಅವಳೇ. ಒಬ್ಬ ಹುಡುಗನ ಮೊಬೈಲಿನಲ್ಲಿ ಬೇಕಲ 7.7 ಎಂದು ಬಂದಾಗ ನಾನು ಗಾಬರಿಯಾದೆ. ಅದು ಮೈಲು ಸರ್, ಕಿಲೋಮೀಟರಿಗೆ ತಿರುಗಿಸಿಲ್ಲ ಎಂದು ಸಮಾಧಾನ ಹೇಳಿದವಳೂ ಅವಳೇ. ಇನ್ನೊಂದು ದಿನ ಹಳೆಯ ಸರ್ವೆ ನಕ್ಷೆಯಿಂದ ತೆಗೆದ ಒಂದು ಅಂಕ ನೂರಿನ್ನೂರು ಮೀಟರು ಆಚೆ ಬಿತ್ತು. ಆ ನಕ್ಷೆಗಳಿಗೆ ಆಧಾರವಾದ ಭೂಮಿಯ ಆಕಾರದ ಲೆಕ್ಕ ಎವರೆಸ್ಟ್ ಸಾಹೇಬರ 1830ರದ್ದು, ಜಿ.ಪಿ.ಎಸ್.ನದ್ದು ಬೇರೆ. ಈ ವಿಷಯ ಬರೆಯ ಹೊರಟರೆ ಮಕ್ಕಳ ಷರತ್ತು ಮುರಿದಂತಾಗುತ್ತದೆ.

ಈಗ ಅನಂತಪುರ 8 ಕಿ.ಮೀ. ಚಿಲ್ಲರೆ, ಮಂಜೇಶ್ವರ ಇಪ್ಪತ್ತಾರರ ಆಸುಪಾಸು. ಕೊನೆಗೆ ಉಳಿದದ್ದು ಶಾಲೆಯ ಸೂಕ್ಷ್ಮ ಅಂಕ. ಧ್ವಜಸ್ತಂಭದ ಬುಡದಲ್ಲಿ ಅವಳು ಮೊಬೈಲು ಹಿಡಿದು ಅಂಕ ನೆಲೆಗೊಳ್ಳುವವರೆಗೆ ಬಿಸಿಲಿನಲ್ಲಿ ನಿಂತಳು. ಕಿಟಕಿಯ ಒಳಗೆ ಕಂಪ್ಯೂಟರಿನ ಮುಂದೆ ನಾನು. ಅವಳು ಡಿಗ್ರಿ ಬೇರೆ, ಮಿನಿಟು ಬೇರೆ ಬಿಡಿಸಿ ಹೇಳಿದಳು, ನಾನು ಒತ್ತಿದೆ. ಒತ್ತಿ ಮುಗಿಸಿ ಏಳುವಷ್ಟರಲ್ಲಿ ಹೊರಗಿನಿಂದ ಅವಳ ಧ್ವನಿ ಕೇಳಿತು:

"ಸರ್, ಈಗ ನೀವು ಓದಿ. ನಾನು ನೋಡುತ್ತೇನೆ."

ಓದಿದೆ.