ಅಭ್ಯಾಸ ಆಗೋದು ಮೂಗಿಗೆ ಮಾತ್ರ

ಬಯೋಟೆಕ್ ಹುಡುಗಿಯರಾದ ನಮಗೆ ಸಾಲ್ವೆಂಟ್ ಹೊಸದಲ್ಲ. ಎಣ್ಣೆ ತೆಗೆಯೋಕೆ ಹೆಕ್ಸೇನ್, ಡಿಎನ್‌ಎ ಬೇರ್ಪಡಿಸೋಕೆ ಫೀನಾಲ್-ಕ್ಲೋರೋಫಾರ್ಮ್, ಗಾಜು ತೊಳೆಯೋಕೆ ಅಸಿಟೋನ್. ಲ್ಯಾಬ್ ಮುಗಿಸಿ ಬನಶಂಕರಿ ಬಸ್ ಹತ್ತಿದ ಮೇಲೂ ದುಪಟ್ಟಾದಲ್ಲಿ ಆ ವಾಸನೆ ಇರುತ್ತೆ. ‘ಅಭ್ಯಾಸ ಆಗುತ್ತೆ ಬಿಡ್ರೇ’ ಅಂತಾರೆ ಸೀನಿಯರ್ಸ್. ಅಭ್ಯಾಸ ಆಗೋದು ಮೂಗಿಗೆ, ಮೈಗಲ್ಲ.

ಹಾಗಂತ ಎಲ್ಲಾ ಸಾಲ್ವೆಂಟೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, ಬೆಂಜೀನ್ ಮತ್ತು ಟ್ರೈಕ್ಲೋರೋಎಥಿಲೀನ್ ಎರಡನ್ನೂ ಗ್ರೂಪ್ 1ರಲ್ಲಿ ಇಟ್ಟಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ. ಡೈಕ್ಲೋರೋಮೀಥೇನ್ 2ಎ, ಕ್ಲೋರೋಫಾರ್ಮ್ 2ಬಿ. ಅಸಿಟೋನ್ ಆ ಪಟ್ಟಿಯಲ್ಲೇ ಇಲ್ಲ.

ಕೆಲಸದ ಜಾಗದ ಕ್ಯಾನ್ಸರ್ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಗಂಡಸರ ಮೇಲೆ. ಹೆಂಗಸರನ್ನೇ ನೋಡಿದ ದೊಡ್ಡ ಅಧ್ಯಯನ ಅಮೆರಿಕದ ‘ಸಿಸ್ಟರ್ ಸ್ಟಡಿ’. 47,000ಕ್ಕೂ ಹೆಚ್ಚು ಮಹಿಳೆಯರ ಕೆಲಸದ ಇತಿಹಾಸ ನೋಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ಸಾಲ್ವೆಂಟಿಗೂ ಸ್ತನ ಕ್ಯಾನ್ಸರಿಗೂ ಸ್ಪಷ್ಟ ನಂಟು ಸಿಗಲಿಲ್ಲ. ಆದರೆ ಮೊದಲ ಹೆರಿಗೆಗೆ ಮುಂಚೆ ಸಾಲ್ವೆಂಟ್ ಜೊತೆ ಕೆಲಸ ಮಾಡಿದವರಲ್ಲಿ, ಈಸ್ಟ್ರೊಜನ್ ಗ್ರಾಹಕ ಇರುವ ಬಗೆಯ ಸ್ತನ ಕ್ಯಾನ್ಸರಿನ ಅಪಾಯ ಸುಮಾರು 1.4 ಪಟ್ಟು. ಕ್ಲಿನಿಕಲ್ ಲ್ಯಾಬ್ ಟೆಕ್ನಿಷಿಯನ್‌ಗಳಲ್ಲಿ ಸುಮಾರು 2 ಪಟ್ಟು.

ಯಾಕೆ ಮೊದಲ ಹೆರಿಗೆಗೆ ಮುಂಚೆ? ಸ್ತನದ ಜೀವಕೋಶಗಳು ಪೂರ್ತಿ ಬಲಿಯೋದು ಮೊದಲ ಗರ್ಭಧಾರಣೆಯ ಹೊತ್ತಿಗೆ. ಅಲ್ಲಿವರೆಗೆ ಅವು ಹಾನಿಗೆ ಸುಲಭವಾಗಿ ತುತ್ತಾಗಬಹುದು. ಸಾಲ್ವೆಂಟ್‌ಗಳೋ ಕೊಬ್ಬಿನಲ್ಲಿ ಕರಗುವ ಜಾತಿ. ಒಂದೇ ಅಧ್ಯಯನ ಅಂತಿಮ ತೀರ್ಪಲ್ಲ, ನಿಜ. ಆದರೆ ಅದು ಹೇಳ್ತಿರೋ ವಯಸ್ಸು ನಮ್ಮದು.

ಇಲ್ಲೇ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕ ಇಡ್ತಿದೆ. ಹೆಂಗಸರಲ್ಲಿ ಈಗ ಸ್ತನ ಕ್ಯಾನ್ಸರೇ ಮೊದಲು. ಕಾರಣ ಹತ್ತಾರು, ಅದನ್ನೆಲ್ಲಾ ಸಾಲ್ವೆಂಟಿನ ತಲೆಗೆ ಕಟ್ಟೋದು ತಪ್ಪು. ತಪ್ಪಿಸಬಹುದಾದದ್ದನ್ನು ತಪ್ಪಿಸೋದು ಮಾತ್ರ ನಮ್ಮ ಕೈಲಿದೆ.

ನಮ್ಮ ಲ್ಯಾಬಿನ ಫ್ಯೂಮ್ ಹುಡ್ ಬಾಟಲಿ ಇಡೋ ಬೀರು ಆಗಿದೆ. ಫ್ಯಾನ್ ತಿರುಗಲ್ಲ. ಸರ್ಜಿಕಲ್ ಮಾಸ್ಕ್ ಆವಿ ತಡೆಯಲ್ಲ, ತೆಳು ನೈಟ್ರೈಲ್ ಗ್ಲೌಸನ್ನು ಡೈಕ್ಲೋರೋಮೀಥೇನ್ ಕೆಲವೇ ನಿಮಿಷದೊಳಗೆ ದಾಟುತ್ತೆ. ಹಾಗಾಗಿ ನಾವು ಕೇಳ್ತಿರೋದು ಹೊಸ ಮಾಸ್ಕ್ ಅಲ್ಲ, ತಿರುಗೋ ಫ್ಯಾನ್. ನಮಗೆ ವಾರಕ್ಕೆ ಮೂರು ಗಂಟೆ ಲ್ಯಾಬ್. ಬಾಟಲಿ ತೊಳೆದು, ವೇಸ್ಟ್ ಕ್ಯಾನ್ ಎತ್ತಿಡೋ ಅಟೆಂಡರ್ ಅಕ್ಕನಿಗೆ ದಿನಕ್ಕೆ ಎಂಟು ಗಂಟೆ. ಅರ್ಜಿಯಲ್ಲಿ ಮೊದಲ ಸಾಲು ಅವರ ಬಗ್ಗೆಯೇ ಬರೆದಿದ್ದೀವಿ.