ಕರೆಂಟಿನ ಗಾಡಿ ಹತ್ತಿ ನಾಲ್ಕೂರು ಸುತ್ತಿ

ಕೊಪ್ಪಳದಿಂದ ಗಂಗಾವತಿಗೆ ನೀವು ಬಸ್ಸಿನಲ್ಲಿ ಎಷ್ಟೋ ಸಲ ಹೋಗಿರುತ್ತೀರಿ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲಂತೂ ಟಿಕೆಟಿನ ಚಿಂತೆಯೂ ಇಲ್ಲ. ಆದರೆ ಬ್ಯಾಟರಿ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು, ಮಗಳ ಹೆಗಲ ಮೇಲಿಂದ ಇಣುಕಿ, “ಎಷ್ಟು ಪರ್ಸೆಂಟ್ ಉಳಿದಿದೆಯೇ?” ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಾ ಹೋಗಿದ್ದೀರಾ? ನಾನು ಹೋಗಿ ಬಂದೆ. ಅದರ ಕಥೆಯನ್ನೇ ನಿಮಗೆ ಹೇಳಹೊರಟಿದ್ದೇನೆ.

ಮಗಳಿಗೆ ನೌಕರಿ ಸಿಕ್ಕಿದ್ದೇ ತಡ, ಕಂತಿನ ಮೇಲೆ ಗಾಡಿ ತಂದಳು. ಹಸಿರು ನಂಬರ್ ಪ್ಲೇಟು, ಅದರ ಮೇಲೆ ಬಿಳಿ ಅಕ್ಷರ. (ಬಾಡಿಗೆಗೆ ಓಡುವ ಕರೆಂಟಿನ ಗಾಡಿಗಾದರೆ ಹಳದಿ ಅಕ್ಷರ, ಇನ್ನು ಮೇಲೆ ಗಮನಿಸಿ ನೋಡಿ.) ನಮ್ಮ ಯಜಮಾನರು ಒಂದು ಸುತ್ತು ಹಾಕಿ ನೋಡಿ, “ಸದ್ದೇ ಇಲ್ಲವಲ್ಲ, ಇದು ಗಾಡಿಯೋ ಹೊಲಿಗೆ ಯಂತ್ರವೋ?” ಎಂದರು. ಹೊಲಿಗೆ ಯಂತ್ರಕ್ಕೆ ಸದ್ದಿರುತ್ತದೆ ಎಂದು ಯಾರು ಹೇಳಬೇಕು ಅವರಿಗೆ!

ಒಂದು ಭಾನುವಾರ ಗಂಗಾವತಿಗೆ ಹೊರಟೆವು. ಪೂರ್ತಿ ಚಾರ್ಜಿಗೆ ನೂರು ಕಿಲೋಮೀಟರ್ ಎಂದು ಅಂಗಡಿಯವರು ಹೇಳಿದ್ದರು. ಗಿಣಿಗೇರಿ ದಾಟಿ, ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಆರಾಮವಾಗಿ ಮುಟ್ಟಿದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸೀಮೆ ಅದು, ಕಣ್ಣಿಗೆಲ್ಲ ಹಸಿರು. ಅಷ್ಟಕ್ಕೇ ಸುಮ್ಮನಿರದೆ ಆನೆಗೊಂದಿಗೂ ಹೋಗಿ ಬಂದೆವು. ಬರುತ್ತಾ ಸೋನಾ ಮಸೂರಿ ಅಕ್ಕಿ, ಇಪ್ಪತ್ತೈದು ಕಿಲೋ ಮೂಟೆ, ಕಾಲಡಿಯಲ್ಲಿ ಇಟ್ಟುಕೊಂಡೆವು. ಇಬ್ಬರು ಹೆಂಗಸರು, ಒಂದು ಮೂಟೆ, ಎದುರು ಗಾಳಿ... ಗಂಗಾವತಿ ಪೇಟೆಯಲ್ಲಿ ನೋಡಿದರೆ ಉಳಿದದ್ದು ನೂರಕ್ಕೆ ಹನ್ನೆರಡು! ಹೊತ್ತು ಆಗಲೇ ನಾಲ್ಕೂವರೆ. ಮನೆಯಲ್ಲಿ ಅತ್ತೆಯವರಿಗೆ ಏಳಕ್ಕೆ ಮಾತ್ರೆ ಕೊಡಬೇಕು. ನನ್ನ ಎದೆ ಡವಡವ.

ಪೆಟ್ರೋಲ್ ಗಾಡಿಯಾದರೆ ಬಾಟಲಿ ಹಿಡಿದು ಯಾರನ್ನಾದರೂ ಓಡಿಸಬಹುದಿತ್ತು. ಕರೆಂಟನ್ನು ಬಾಟಲಿಯಲ್ಲಿ ತರಲಾದೀತೇ? ಎರಡು ಹೋಟೆಲಿನಲ್ಲಿ ಕೇಳಿದೆವು, ಬೋರ್ಡು ಸುಟ್ಟೀತೆಂದು ಹೆದರಿದರು. ಕೊನೆಗೆ ಒಂದು ಓಣಿಯ ಹಿಟ್ಟಿನ ಗಿರಣಿ. ತಲೆತುಂಬ ಜೋಳದ ಹಿಟ್ಟು ಮೆತ್ತಿಕೊಂಡ ಹೆಣ್ಣುಮಗಳು ನಮ್ಮ ಮುಖ ನೋಡಿದವಳೇ, “ಬ್ಯಾಟ್ರಿ ಮುಗೀತೇನ್ರಿ ಅಕ್ಕಾರ? ಬರ್ರಿ, ಇಲ್ಲೇ ಹಚ್ಚ್ರಿ” ಎಂದು ತಾನೇ ಪ್ಲಗ್ಗು ತೋರಿಸಿದಳು. ಎರಡು ತಾಸು ಕೂತೆವು. ಮಂಡಕ್ಕಿ ಒಗ್ಗರಣೆ ಬಂತು, ಚಹಾ ಬಂತು, ಅವಳ ಸೊಸೆಯ ಪುರಾಣವೂ ಬಂತು. ಫೋನ್ ಮಾಡಿದ್ದಕ್ಕೆ ಪಕ್ಕದ ಮನೆಯವರು ಮಾತ್ರೆ ಕೊಟ್ಟರು, ಅದು ಅವರ ಪುಣ್ಯ.

ಆ ಎರಡು ತಾಸಿನಲ್ಲಿ ನನಗೆ ಹೊಳೆದದ್ದು ಇದು. ಗಿರಣಿಗಳು ನಮ್ಮ ಓಣಿಗಳಲ್ಲಿ ಇದ್ದೇ ಇರುತ್ತವೆ. ಮೋಟಾರು ಎಳೆಯುವ ಗಟ್ಟಿ ವೈರಿಂಗು, ನೆರಳು, ಕೂಡಲು ಕಟ್ಟೆ, ಹೆಣ್ಣುಮಕ್ಕಳು ಅಳುಕಿಲ್ಲದೆ ನಿಲ್ಲುವ ಜಾಗ. ಇದಕ್ಕಿಂತ ಒಳ್ಳೆಯ ಚಾರ್ಜಿಂಗ್ ಠಾಣೆ ಎಲ್ಲಿ ಸಿಕ್ಕೀತು? ಗಾಡಿಗೆ ಚಾರ್ಜು ಮಾಡಿಕೊಟ್ಟು ಹಣ ಪಡೆಯಲು ವಿದ್ಯುತ್ ಕಾಯ್ದೆಯ ಲೈಸೆನ್ಸು ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿಯೇ ಸ್ಪಷ್ಟಪಡಿಸಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಪ್ರತ್ಯೇಕ ವಿದ್ಯುತ್ ದರವೇ ಇದೆ. ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಬೇರೆ ಮೀಟರು ಹಾಕಿಸಿಕೊಳ್ಳಬೇಕು, ಅಷ್ಟೇ. ಪಟ್ಟಣ ತಯಾರಾಗಬೇಕು ಎಂದರೆ ದೊಡ್ಡ ಗಾಜಿನ ಕಟ್ಟಡವೇ ಏಳಬೇಕೆಂದೇನೂ ಇಲ್ಲ.

ಇನ್ನು ಮನೆಯ ಲೆಕ್ಕ. ನೀವು ಕೇಳುವುದೂ ಅದನ್ನೇ ಅಲ್ಲವೇ? ನಮ್ಮ ಗಾಡಿ ಪೂರ್ತಿ ತುಂಬಲು ಮೂರು ಯೂನಿಟ್ಟಿಗೆ ಸ್ವಲ್ಪ ಹೆಚ್ಚು ಬೇಕು. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಎಪ್ಪತ್ತೈದು ಕಿಲೋಮೀಟರ್ ಓಡುತ್ತದೆ. ಅಷ್ಟೇ ದೂರಕ್ಕೆ ಪೆಟ್ರೋಲಾದರೆ ನೂರೈವತ್ತಕ್ಕೆ ಕಡಿಮೆಯಾಗದು. ಆದರೆ ‘ಗೃಹಜ್ಯೋತಿ’ಯನ್ನು ಮರೆಯಬೇಡಿ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ 60 ಯೂನಿಟ್ ಇತ್ತೆನ್ನಿ, ಶೇಕಡಾ 10 ಸೇರಿಸಿ 66ರವರೆಗೆ ಉಚಿತ. ಗಾಡಿಯಿಂದ 30 ಯೂನಿಟ್ ಏರಿದರೆ ಆ ಹೆಚ್ಚಿನದ್ದಕ್ಕೆ ಮಾತ್ರ ಹಣ. ಆದರೆ ಮೊದಲೇ 180 ಉರಿಸುವ ಮನೆಗೆ ಗಾಡಿ ಬಂದು 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು! ಇದನ್ನು ಗಾಡಿ ಮಾರುವವರು ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದೆ.

ಹಳೆಯ ಮನೆಯಾದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಕಿಟಕಿಯಿಂದ ಉದ್ದ ವೈರು ಎಳೆದು, ಒಂದೇ ಬೋರ್ಡಿಗೆ ಮಿಕ್ಸಿ, ಇಸ್ತ್ರಿ, ಗಾಡಿ ಎಲ್ಲ ತಗುಲಿಸಬೇಡಿ. ನಮ್ಮ ಕಡೆ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ; ಬಿಸಿಲಿನಲ್ಲಿ ಓಡಿ ಬಂದ ಗಾಡಿಗೆ ತಕ್ಷಣ ಪ್ಲಗ್ಗು ಹಾಕದೆ, ನೆರಳಿಗೆ ನಿಲ್ಲಿಸಿ ಬ್ಯಾಟರಿ ಆರಲು ಬಿಡಿ. ಕಾದ ಬಾಣಲೆಗೆ ನೀರು ಹಾಕುತ್ತೇವೆಯೇ? ಹಾಗೆಯೇ ಇದೂ. ಮಲಗುವ ಕೋಣೆಯಲ್ಲಿ, ಬಾಗಿಲಿಗೆ ಅಡ್ಡವಾಗಿ ಇಟ್ಟು ಚಾರ್ಜು ಮಾಡುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಸ್ವಂತ ಗೋಡೆ ಇದ್ದವರ ಮಾತಾಯಿತು. ನಮ್ಮ ಓಣಿಯಲ್ಲಿ ಮಹಡಿಯ ಮೇಲೆ ಬಾಡಿಗೆಗಿರುವ ಒಬ್ಬ ಶಿಕ್ಷಕಿಗೆ ಗಾಡಿ ಕೊಳ್ಳುವ ಆಸೆ. ಮಾಲೀಕರು ಕೆಳಗೆ ಪ್ಲಗ್ಗು ಕೊಡಲೊಲ್ಲರು. ಬ್ಯಾಟರಿ ಬಿಚ್ಚಿ ಮೇಲೆ ಒಯ್ಯೋಣವೆಂದರೆ ಅದೋ ತುಂಬಿದ ಕೊಡದ ಭಾರ. ಹಳ್ಳಿಯ ಶಾಲೆಗೆ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಗಾಡಿಯ ಅಗತ್ಯ ನನ್ನ ಮಗಳಿಗಿಂತ ಅವಳಿಗೇ ಹೆಚ್ಚು! ಬಸ್ ನಿಲ್ದಾಣದ ಗಾಡಿ ತಂಗುದಾಣ, ಶಾಲೆ, ಆಸ್ಪತ್ರೆ, ಸಂತೆ ಮೈದಾನ, ಇಲ್ಲೆಲ್ಲ ತಗಡಿನ ನೆರಳಿನಡಿ ನಾಲ್ಕು ನಾಲ್ಕು ಪ್ಲಗ್ಗಿದ್ದರೆ ಅವಳ ಸಮಸ್ಯೆ ತೀರಿತು. ಇಂಥವರಿಗಾಗಿಯೇ ಊರು ತಯಾರಾಗಬೇಕಾದದ್ದು, ಕಾರಿನವರಿಗಾಗಿ ಆಮೇಲೆ.

ಮುಂದಿನ ತಿಂಗಳು ಯಲಬುರ್ಗಾಕ್ಕೆ ಹೋದಾಗ ಬುದ್ಧಿ ಬಂದಿತ್ತು, ಮೂಟೆ ಹೇರಲಿಲ್ಲ. ದಾರಿಯಲ್ಲಿ ಇಟಗಿಗೆ ತಿರುಗಿ ಮಹಾದೇವ ದೇವಾಲಯ ನೋಡಿದೆವು. 1112ರಲ್ಲಿ ಕಟ್ಟಿದ್ದು, ಆ ಕಂಬಗಳ ನುಣುಪಿಗೆ ಕೈಯಾಡಿಸದೆ ಬಂದರೆ ನೀವು ಹೋದದ್ದೇ ದಂಡ. ಆ ಸೀಮೆಯಲ್ಲಿ ಎತ್ತ ನೋಡಿದರೂ ಗಾಳಿಯಂತ್ರಗಳು, ಮುಂಗಾರಿನ ಗಾಳಿಗೆ ರಭಸವಾಗಿ ತಿರುಗುತ್ತವೆ. ಮಗಳು, “ಅಮ್ಮಾ, ಕರೆಂಟು ಹುಟ್ಟುವುದು ಇಲ್ಲೇ, ಗಾಡಿಗೆ ಪ್ಲಗ್ಗು ಹುಡುಕುವುದೂ ಇಲ್ಲೇ!” ಎಂದಳು. ಪರಿಚಯದವರ ಮನೆಯಲ್ಲಿ ಊಟ ಮಾಡಿ, ಗಾಡಿಗೂ ಉಣಿಸಿದೆವು.

ಕುಷ್ಟಗಿಯ ಮಾತು ಬೇರೆ. ಅದು 50ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರು. ಹೆದ್ದಾರಿಯಲ್ಲಿ 25 ಕಿಲೋಮೀಟರಿಗೊಂದು, ಪಟ್ಟಣದಲ್ಲಿ ಮೂರು ಕಿಲೋಮೀಟರ್ ಚೌಕಕ್ಕೊಂದು ಚಾರ್ಜಿಂಗ್ ಠಾಣೆ ಇರಬೇಕೆಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತು. ಹಾಗಾಗಿ ಕುಷ್ಟಗಿಗೆ ಗಮನ ಬೇಗ ಹರಿದೀತು. 2025ರ ಮೇ ತಿಂಗಳಲ್ಲಿ ರೈಲೂ ಬಂತು. ಸ್ಟೇಷನ್ನಿಗೆ ಹೋಗಿ ಬರುವ ಸಣ್ಣ ಓಡಾಟಕ್ಕೆ ಕರೆಂಟಿನ ಆಟೋ ಹೇಳಿ ಮಾಡಿಸಿದ್ದು.

ಹಾಂ, ಟ್ರಾನ್ಸ್‌ಫಾರ್ಮರಿನ ವಿಷಯ ಮರೆತಿದ್ದೆ. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ, ಟೀವಿ, ಫ್ಯಾನು, ನೀರಿನ ಮೋಟಾರು. ಅದೇ ಹೊತ್ತಿಗೆ ಓಣಿಯ ಇಪ್ಪತ್ತು ಗಾಡಿಗಳೂ ಬಾಯಿ ತೆರೆದರೆ ಅದು ‘ಢಂ’ ಎನ್ನದೆ ಇನ್ನೇನು ಮಾಡೀತು? ನಾವು ರಾತ್ರಿ ಹತ್ತರ ಮೇಲೆ ಹಚ್ಚುತ್ತೇವೆ. ಹಾಗೆಂದು ಎಲ್ಲವನ್ನೂ ಗೃಹಿಣಿಯ ತಲೆಗೆ ಕಟ್ಟಿದರೆ ಆಗದು. ಯಾವ ಓಣಿಗೆ ಎಷ್ಟು ಗಾಡಿ ಬಂದಿದೆ ಎಂದು ಎಣಿಸಿ, ಸುಡುವ ಮೊದಲೇ ಟ್ರಾನ್ಸ್‌ಫಾರ್ಮರು ಬದಲಿಸುವುದು ಇಲಾಖೆಯ ಕೆಲಸ. ಐಟಿಐಯ ಹುಡುಗ ಹುಡುಗಿಯರಿಗೆ ಈ ರಿಪೇರಿ ಕಲಿಸಿದರೆ ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ಹುಬ್ಬಳ್ಳಿಗೆ ಒಯ್ಯುವುದೂ ತಪ್ಪೀತು.

ಮೊನ್ನೆ ಮತ್ತೆ ಗಂಗಾವತಿಗೆ ಹೋಗಿದ್ದೆವು. ಗಿರಣಿಯ ಹೊರಗೋಡೆಗೆ ಎರಡು ಹೊಸ ಪ್ಲಗ್ಗು, ಬೇರೆ ಮೀಟರು, ಪಕ್ಕದಲ್ಲಿ ಸೀಮೆಸುಣ್ಣದ ಬರಹ: ‘ಗಾಡಿ ಚಾರ್ಜು ತಾಸಿಗೆ 10 ರೂ.’ ಹಣ ಕೊಡಹೋದರೆ ಆಕೆ ತೆಗೆದುಕೊಳ್ಳಲಿಲ್ಲ. “ನೀವ ಮೊದಲ ಗಿರಾಕಿ, ನಿಮ್ಮ ಹತ್ರ ಹ್ಯಾಂಗ ತಗೊಳ್ಲಿ?” ಎಂದು ನಕ್ಕು, ನಾನು ತಂದಿದ್ದ ಜೋಳವನ್ನು ಗಿರಣಿಗೆ ಸುರಿದಳು.